ಕೊನೆಯ ಮನೆಯಿಲ್ಲದ ಆಟ

ಕಕ್ಕಡ ಮಾಸದ ಮಳೆ ಹಿಡಿಯಿತೆಂದರೆ ಕೊಡಗಿನ ಸಿದ್ದಾಪುರದ ಮಕ್ಕಳಿಗೆ ಬಯಲೆಂಬುದೇ ಇಲ್ಲವಾಗುತ್ತದೆ. ಮಳೆ ಮಿತಿಮೀರಿದ ದಿನ ಶಾಲೆಗೇನೋ ರಜೆ ದೊರೆಯುತ್ತದೆ; ಆ ರಜೆಯನ್ನು ಕಳೆಯಲು ಅಂಗಳ ದೊರೆಯುವುದಿಲ್ಲ. ಕಾಫಿ ತೋಟಗಳ ನಡುವಣ ದಾರಿಯಲ್ಲಿ ಕಾಡಾನೆಗಳ ಭಯ. ಹೊಳೆಯ ಕಡೆಗಂತೂ ಹೆಜ್ಜೆಯಿಡುವಂತಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಕಾವೇರಿಯು ಉಕ್ಕಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಗಳ ಮನೆಗಳಿಗೆ ನುಗ್ಗಿದುದನ್ನು ಕಂಡ ತಾಯಂದಿರು ಮಕ್ಕಳನ್ನು ಹೊಸ್ತಿಲಿನೊಳಗೇ ಇರಿಸಿಕೊಂಡರೆ ಆಶ್ಚರ್ಯವೇನಿದೆ? ಹೀಗೆ ಮನೆಯಲ್ಲಿ ಉಳಿದ ಬಾಲಕನ ಕೈಗೆ ತಂದೆಯ ಮೊಬೈಲು ಬರುತ್ತದೆ. ಮೊಬೈಲಿನೊಳಗಿಂದ ಹಾವೊಂದು ಹೊರಡುತ್ತದೆ.

ಆ ಆಟದ ಹೆಸರು ‘ಸ್ಲಿದರ್.ಐಒ’. 2016ರಲ್ಲಿ ಅಮೆರಿಕದ ಸ್ಟೀವ್ ಹೌಸ್ ಎಂಬವರು ಅದನ್ನು ರಚಿಸಿದರು. ಅದಕ್ಕೆ ಹಿಂದಿನ ವರ್ಷ ಬ್ರೆಜಿಲಿನ ತರುಣ ಮಥೇಯುಸ್ ವಲದಾರೆಸ್ ‘ಅಗಾರ್.ಐಒ’ ಎಂಬ ಆಟವನ್ನು ಹೊರತಂದಿದ್ದರು. ಅಲ್ಲಿ ದುಂಡನೆಯ ಜೀವಕಣಗಳು ಒಂದನ್ನೊಂದು ನುಂಗುತ್ತಿದ್ದುವು. ಇಲ್ಲಿ ಆ ಸ್ಥಾನಕ್ಕೆ ಹಾವು ಬಂದಿತು. ಬ್ರೌಸರನ್ನು ತೆರೆದು ಏನಾದರೊಂದು ಹೆಸರು ಬರೆದರೆ ಸಾಕು, ಕಪ್ಪು ಬಯಲಿನಲ್ಲಿ ಬಣ್ಣದ ಮರಿಹಾವೊಂದು ಹರಿದಾಡತೊಡಗುತ್ತದೆ. ಹೊಳೆಯುವ ಚುಕ್ಕೆಗಳನ್ನು ತಿಂದಂತೆಲ್ಲ ಅದು ಬೆಳೆಯುತ್ತದೆ. ಸುತ್ತಲೂ ಹರಿಯುವ ಬೇರೆ ಹಾವುಗಳ ಹಿಂದೆ ಯಾವ ಯಾವ ಊರಿನ ಯಾರು ಯಾರು ಕುಳಿತಿರುವರೋ ಬಲ್ಲವರಿಲ್ಲ. ಪರಸ್ಪರ ಮಾತಿಗೆ ಅಲ್ಲಿ ಅವಕಾಶವಿಲ್ಲ.

ಆಟದ ನಿಯಮ ಒಂದೇ: ತನ್ನ ತಲೆ ಇನ್ನೊಂದರ ಮೈಗೆ ತಾಕಿದರೆ ಸಾವು. ತನ್ನ ಮೈಯನ್ನು ತಾನೇ ದಾಟಿದರೆ ಬಾಧಕವಿಲ್ಲ. ದೊಡ್ಡ ಹಾವಿಗೆ ಇಲ್ಲಿ ಯಾವ ರಿಯಾಯಿತಿಯೂ ಇಲ್ಲ. ಅಂಗುಲದುದ್ದದ ಮರಿಯೊಂದು ಥಟ್ಟನೆ ಅಡ್ಡ ಬಂದರೆ ಮಹಾಸರ್ಪವೂ ಕ್ಷಣಮಾತ್ರದಲ್ಲಿ ಚೂರು ಚೂರಾಗಿ, ಹೊಳೆಯುವ ಚುಕ್ಕೆಗಳಾಗಿ ಚೆಲ್ಲಿಹೋಗುತ್ತದೆ. ಅದು ಗಳಿಸಿದುದೆಲ್ಲ ಸುತ್ತಲಿನವರ ಪಾಲು. ವೇಗವಾಗಿ ಓಡಬೇಕಾದರೆ ಮೈಯನ್ನೇ ಸವೆಸಬೇಕು. ಓಡಿದಷ್ಟೂ ಉದ್ದ ಕಡಿಮೆಯಾಗುತ್ತದೆ. ಮನುಷ್ಯರ ವ್ಯವಹಾರವನ್ನು ಬಲ್ಲ ಯಾರಾದರೂ ಈ ನಿಯಮಗಳನ್ನು ಕೇಳಿ ಮುಗುಳ್ನಗದೆ ಇರಲಾರರು.

ಹಾವಿನ ಆಟ ಹೊಸತೇನಲ್ಲ. ಪರಮಪದ ಸೋಪಾನದ ಪಟವನ್ನು ಹಾಸಿ, ಕವಡೆಯನ್ನೋ ದಾಳವನ್ನೋ ಉರುಳಿಸಿ, ಏಣಿ ಹತ್ತಿ ಹಾವಿನ ಬಾಯಿಗೆ ಬಿದ್ದು ಆಡಿದ ಹಿರಿಯರು ನಮ್ಮ ಮನೆಗಳಲ್ಲಿ ಇಂದಿಗೂ ಇದ್ದಾರೆ. ಯಂತ್ರದ ಹಾವಿಗೂ ವಯಸ್ಸಾಗಿದೆ. 1976ರಲ್ಲಿ ಅಮೆರಿಕದ ಗ್ರೆಮ್ಲಿನ್ ಸಂಸ್ಥೆಯು ‘ಬ್ಲಾಕೇಡ್’ ಎಂಬ, ನಾಣ್ಯ ಹಾಕಿ ಆಡುವ ಯಂತ್ರವನ್ನು ಮಾಡಿತು. ಒಂದೇ ಯಂತ್ರದ ಮುಂದೆ ಇಬ್ಬರು ಮಗ್ಗುಲಲ್ಲಿ ಮಗ್ಗುಲಾಗಿ ನಿಂತು, ಬೆಳೆಯುತ್ತ ಹೋಗುವ ಎರಡು ಗೆರೆಗಳನ್ನು ನಡೆಸಬೇಕಾಗಿತ್ತು. 1997ರಲ್ಲಿ ಫಿನ್ಲೆಂಡಿನ ತನೆಲಿ ಅರ್ಮಾಂಟೋ ಅದೇ ಬಗೆಯ ಹಾವನ್ನು ನೋಕಿಯಾ 6110 ಎಂಬ ಮೊಬೈಲಿಗೆ ತಂದರು. 2003ರಲ್ಲಿ ಬಂದ, ಟಾರ್ಚು ಹೊತ್ತ ನೋಕಿಯಾ 1100ರ ಮೂಲಕ ಅದು ಹಳ್ಳಿ ಹಳ್ಳಿಯನ್ನೂ ಹೊಕ್ಕಿತು. ಇಂದು ಮಗನನ್ನು ಗದರುವ ತಂದೆಯೇ ಅಂದು ಬಸ್ಸು ಕಾಯುತ್ತ ನಿಂತಲ್ಲಿ ಹೆಬ್ಬೆರಳು ನೋಯುವಷ್ಟು ಹಾವು ಓಡಿಸಿದವನು ಎಂಬುದನ್ನು ಆತನ ಮನೆಯಾಕೆ ಮರೆತಿರಲಾರಳು.

ಆದರೂ ಹಳೆಯ ಹಾವಿಗೂ ಹೊಸ ಹಾವಿಗೂ ಮಹತ್ತ್ವದ ಭೇದವೊಂದುಂಟು. ಪರಮಪದದ ಪಟಕ್ಕೆ ಕೊನೆಯ ಮನೆಯೊಂದಿತ್ತು. ಒಬ್ಬರು ವೈಕುಂಠ ಸೇರಿದರೆಂದರೆ ಪಟವನ್ನು ಮಡಿಸಿ ಎಲ್ಲರೂ ಏಳುತ್ತಿದ್ದರು. ‘ಬ್ಲಾಕೇಡ್’ ಯಂತ್ರಕ್ಕೆ ನಾಣ್ಯವೇ ಕೊನೆ. ನೋಕಿಯಾದ ಹಾವು ಕರೆ ಬಂದರೆ ನಿಂತಲ್ಲೇ ನಿಂತು, ಮಾತು ಮುಗಿದ ಮೇಲೆ ವಿಧೇಯತೆಯಿಂದ ಮುಂದೆ ಹರಿಯುತ್ತಿತ್ತು. ಹೊಸ ಆಟಕ್ಕಾದರೋ ಗೆಲುವೆಂಬ ಕೊನೆಯಿಲ್ಲ. ಸತ್ತ ಮರುಕ್ಷಣವೇ ‘ಮತ್ತೆ ಆಡು’ ಎಂಬ ಗುಂಡಿ ಕಾದಿರುತ್ತದೆ. ನಡುವೆ ನಿಲ್ಲಿಸುವ ಉಪಾಯವೂ ಇಲ್ಲ. ಉಳಿದವರು ಆಡುತ್ತಲೇ ಇರುವಾಗ ಒಬ್ಬನಿಗಾಗಿ ಆ ಲೋಕ ನಿಲ್ಲುವುದೆಂತು?

ಮನೆಮನೆಯ ಜಗಳ ಹುಟ್ಟುವುದು ಇಲ್ಲಿಯೇ. “ಮಗೂ, ಊಟಕ್ಕೆ ಬಾ” ಎಂದು ತಾಯಿ ಕರೆಯುತ್ತಾಳೆ. “ಒಂದೇ ನಿಮಿಷ, ಅಮ್ಮಾ” ಎಂಬ ಉತ್ತರ ಬರುತ್ತದೆ. ನಿಮಿಷ ಹತ್ತಾಗುತ್ತದೆ, ಅನ್ನ ಆರುತ್ತದೆ, ತಂದೆ ಬಂದು ಮೊಬೈಲನ್ನು ಕಸಿದುಕೊಳ್ಳುತ್ತಾನೆ, ಹುಡುಗ ಬಾಗಿಲು ಬಡಿದು ಹೋಗುತ್ತಾನೆ. ಹಿರಿಯರ ಕಣ್ಣಿಗೆ ಇದು ಉದ್ಧಟತನ. ಹುಡುಗನ ಕಡೆಯಿಂದ ನೋಡಿದರೋ, ಅರ್ಧ ಗಂಟೆ ಎಚ್ಚರದಿಂದ ಬೆಳೆಸಿ, ಪರದೆಯ ಮೂಲೆಯಲ್ಲಿ ಮೊದಲ 10 ಹೆಸರುಗಳ ಪಟ್ಟಿಗೆ ಏರಿಸಿದ ಹಾವು, ಅವನ ತಪ್ಪಿಲ್ಲದೆ ಒಂದು ಕ್ಷಣದಲ್ಲಿ ಪರರ ಪಾಲಾಯಿತು. ಅವನು ಹೇಳಿದ ‘ಒಂದೇ ನಿಮಿಷ’ ಪೂರ್ತಿ ನೆಪವಾಗಿರಲಿಲ್ಲ.

ಇದೇ ದುಃಖವನ್ನು ಕೊಡಗಿನ ಮಳೆಯೂ ಆಗಾಗ ಕೊಡುತ್ತದೆ. ತಂತಿಯ ಮೇಲೆ ಮರ ಬಿದ್ದು ವಿದ್ಯುತ್ತು ಹೋಗಿ, ನೆಟ್‌ವರ್ಕ್ ಕ್ಷೀಣಿಸಿದಾಗ ಪರದೆಯ ಮೇಲಿನ ಚಿತ್ರ ಸ್ತಬ್ಧವಾಗುತ್ತದೆ. ಆದರೆ ದೂರದ ಸರ್ವರಿನಲ್ಲಿ ಆಟ ನಡೆದೇ ಇರುತ್ತದೆ. ಚಿತ್ರ ಮತ್ತೆ ಅಲುಗುವ ಹೊತ್ತಿಗೆ ಹಾವು ಸತ್ತಿರುತ್ತದೆ. ವಿಚಿತ್ರವೆಂದರೆ ಮಳೆ ಕೊಂದ ಹಾವಿಗಾಗಿ ಯಾವ ಬಾಲಕನೂ ಬಾಗಿಲು ಬಡಿಯುವುದಿಲ್ಲ. ಒಂದಿಷ್ಟು ಗೊಣಗಿ ಹೊಸ ಹಾವನ್ನು ಹಿಡಿಯುತ್ತಾನೆ. ಮಳೆಯ ಮೇಲೆ ಇಲ್ಲದ ಕೋಪ ತಂದೆಯ ಮೇಲೇಕೆ? ಮಳೆ ಅವನ ಆಟವನ್ನು ಹೀನಾಯವಾಗಿ ಕಾಣಲಿಲ್ಲ, ತಂದೆ ಕಂಡನು.

ಆದಕಾರಣ ಗೃಹಸ್ಥರು ಮಾಡಬೇಕಾದುದು ಬಹಳ ಸುಲಭ. ಹಾವು ಬೆಳೆದ ಮೇಲೆ ಕಸಿಯುವುದಕ್ಕಿಂತ, ಮರಿಯಾಗಿರುವಾಗಲೇ “ಇದೇ ಕೊನೆಯ ಹಾವು; ಇದು ಸತ್ತರೆ ಏಳಬೇಕು” ಎಂದು ಮಾತು ಗೊತ್ತುಮಾಡಿಕೊಳ್ಳುವುದು ಲೇಸು. ಹಾವಿನ ಆಯುಸ್ಸು ಸಾಮಾನ್ಯವಾಗಿ ದೀರ್ಘವಲ್ಲ. ಚಿರಂಜೀವಿಯೇ ಹುಟ್ಟಿತೆಂದರೆ ಅಡುಗೆಮನೆಯವರು ಐದು ನಿಮಿಷ ತಾಳಿಕೊಳ್ಳಬಹುದು, ಅಥವಾ ಗಡಿಯಾರದ ಮುಳ್ಳನ್ನೂ ಮೊದಲೇ ಮಾತಿಗೆ ಸೇರಿಸಿಕೊಳ್ಳಬಹುದು. ಹುಡುಗನು ತಾನೇ ಒಪ್ಪಿದ ಮಾತಾದುದರಿಂದ ಅದನ್ನು ಮುರಿಯಲು ಅವನಿಗೂ ನಾಚಿಕೆಯಾಗುತ್ತದೆ.

ಇದಕ್ಕಿಂತಲೂ ಸೊಗಸಾದ ಉಪಾಯವೊಂದುಂಟು. ತಲೆಗೊಂದು ಹಾವು, ಸತ್ತರೆ ಮೊಬೈಲು ಮುಂದಿನವರ ಕೈಗೆ. ಅಣ್ಣ, ತಂಗಿ, ತಾಯಿ, ಅಜ್ಜಿ ಎಂದು ಸರದಿ ಬಂದರೆ ಕಾಣದ ಜನರೊಡನೆ ಆಡುವ ಆಟ ಮನೆಯ ಜನರ ನಡುವಿನ ಆಟವಾಗುತ್ತದೆ. ಅಜ್ಜಿಯ ಹಾವು ಹೊರಟ ಐದನೆಯ ಕ್ಷಣದಲ್ಲೇ ಯಾವುದಕ್ಕೋ ತಾಕಿ ಸಾಯುವುದು ಬಹುಮಟ್ಟಿಗೆ ನಿಶ್ಚಯ. “ಇದೇನೋ ಇದು, ಏಣಿಯೇ ಇಲ್ಲವಲ್ಲ!” ಎಂದು ಆಕೆ ದೂರಿದಾಗ ಎಲ್ಲರೂ ನಗುತ್ತಾರೆ. ಅಷ್ಟರಲ್ಲಿ ತಟ್ಟೆ ಹಾಕಿದ ಸದ್ದಾದರೆ, ಯಾರೂ ಕಸಿಯದೆಯೇ ಮೊಬೈಲು ಮೇಜಿನ ಮೇಲೆ ಕುಳಿತಿರುತ್ತದೆ.