ಹಡಗು ಕಾಯೋದಿಲ್ಲ, ನಮ್ಮ ಬಸ್ಸೂ ಕಾಯಬಾರದಿತ್ತು

ಮೊದಲು ತಪ್ಪು ಒಪ್ಪಿಕೊಂಡುಬಿಡ್ತೀವಿ. ಹೋದ ಸೆಮಿಸ್ಟರಿನ ಮಂಗಳೂರು ಟ್ರಿಪ್‌ನಲ್ಲಿ ಇಡೀ ಬಸ್ಸನ್ನು 40 ನಿಮಿಷ ಕಾಯಿಸಿದ ಆ ಮೂರು ಮಂದಿ ನಾವೇ. ಒಬ್ಬಾಂವ ರೋಣದವನು, ಒಬ್ಬಾಂವ ನರಗುಂದದವನು, ಒಬ್ಬಾಕಿ ಗಜೇಂದ್ರಗಡದಾಕಿ. ಯಾರು ಯಾರು ಅಂತ ಕ್ಲಾಸಿನಾಗ ಎಲ್ಲರಿಗೂ ಗೊತ್ತೈತಿ, ಹೆಸರು ಬೇಡ. ನಮ್ಮ ದೆಸೆಯಿಂದ ಈಗ ನೋಟಿಸ್ ಬೋರ್ಡಿನ ಮೇಲೆ ಒಂದು ಹಾಳೆ ಬಿದ್ದಿದೆ: ಇನ್ನು ಮುಂದೆ ಟ್ರಿಪ್‌ನಲ್ಲಿ ಯಾರೂ ಗುಂಪು ಬಿಟ್ಟು ಹೋಗುವಂತಿಲ್ಲ. ಈ ಲೇಖನ ಆ ಹಾಳೆಯ ಬಗ್ಗೆ. ನಾವು ಮೂವರೂ ಇಂಗ್ಲಿಷ್ ಮೀಡಿಯಂ ಮಂದಿ, ಒತ್ತಕ್ಷರ ತಪ್ಪಿದ್ದರೆ ಕ್ಲಬ್ಬಿನವರು ತಿದ್ದಿಕೊಳ್ಳಲಿ.

ಆ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಫ್ಯಾಕ್ಟರಿ ವಿಸಿಟ್ ಮುಗಿದಿತ್ತು. ಮುಂದಿನ ಪ್ಲ್ಯಾನು ನಾಲ್ಕರವರೆಗೆ ಮಾಲ್, ಆಮೇಲೆ ಪಣಂಬೂರು ಬೀಚ್, ಆರೂವರೆಗೆ ಬಸ್ಸು ಊರಿನ ಕಡೆ. ಮಾಲ್ ನೋಡೋದಕ್ಕೆ ಮಂಗಳೂರಿಗೇ ಯಾಕೆ ಬರಬೇಕು, ಹುಬ್ಬಳ್ಳಿಯಾಗ ಇಲ್ಲೇನು? ಊಟಕ್ಕೆ ನಿಂತಿದ್ದು ಬಂದರಿನ ಹತ್ತಿರದ ಒಂದು ಹೋಟೆಲಿನಲ್ಲಿ. ಗೋಡೆಯ ಆಚೆ ಒಂದು ಕ್ರೂಸ್ ಹಡಗಿನ ಮೇಲಿನ ಮಹಡಿಗಳು ಕಾಣುತ್ತಿದ್ದವು, ನಮ್ಮ ಹಾಸ್ಟೆಲಿಗಿಂತ ಎತ್ತರ. ನವಮಂಗಳೂರು ಬಂದರು ಅಂದರೆ ಅದಿರು, ಕಲ್ಲಿದ್ದಲು, ಎಣ್ಣೆ ಅಂತಷ್ಟೇ ನಾವು ಓದಿದ್ದು. 1974ರಲ್ಲಿ ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿದ್ದು ಅಂತ ಎಲ್ಲೋ ಪರೀಕ್ಷೆಗೆ ಬಾಯಿಪಾಠ ಮಾಡಿದ್ವಿ. ಅಲ್ಲಿ ಪ್ರವಾಸಿ ಹಡಗೂ ಬಂದು ಒಂದು ಹಗಲು ನಿಂತು ಹೋಗ್ತಾವ ಅಂತ ಹೇಳಿದವರು ಪಕ್ಕದ ಟೇಬಲ್ಲಿನ ಟ್ಯಾಕ್ಸಿ ಡ್ರೈವರ್.

ಅವರು ಹೇಳಿದ್ದು ನಮಗೆ ಭಾಳ ಹಿಡಿಸಿತು. ಹಡಗಿನ ಮಂದಿಯಲ್ಲಿ ಎರಡು ಥರ. ಹೆಚ್ಚಿನವರು ಹಡಗಿನವರೇ ಮಾರುವ ಟೂರ್ ತಗೊಂಡು ದೊಡ್ಡ ಬಸ್ಸಿನಲ್ಲಿ ಹೋಗ್ತಾರೆ: ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿ ದೇವಸ್ಥಾನ, ಗೇರುಬೀಜದ ಫ್ಯಾಕ್ಟರಿ. ಕೆಲವರು ಮಾತ್ರ ಗೇಟಿನ ಹೊರಗೆ ಬಂದು ತಾವೇ ಆಟೋನೋ ಟ್ಯಾಕ್ಸಿನೋ ಹಿಡಿದು ಮನಸ್ಸು ಬಂದ ಕಡೆ ಹೋಗ್ತಾರೆ. ಹಡಗಿನ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದರೆ ಹಡಗು ಕಾಯುತ್ತದೆ. ತಾವಾಗಿ ಹೋದವರು ತಡ ಮಾಡಿದರೆ ಕಾಯೋದಿಲ್ಲ. "ಹಡಗು ನಿಮ್ಮ ಮಾವನ ಮನೆಯದ್ದಲ್ಲ ಮಾರಾಯ್ರೇ" ಅಂದರು. ಆಮೇಲೆ ನಾವು ಓದಿ ನೋಡಿದ್ವಿ, ಜಗತ್ತಿನ ಎಲ್ಲಾ ಬಂದರಿನಲ್ಲೂ ಹಿಂಗೇ ನಡೀತದ. ಬರದವರ ಪಾಸ್‌ಪೋರ್ಟು ಅವರ ರೂಮಿನಲ್ಲಿ ಸಿಕ್ಕರೆ ಬಂದರಿನ ಏಜೆಂಟ್ ಕೈಗೆ ಕೊಟ್ಟು ಹಡಗು ಹೊರಟುಬಿಡ್ತದ. ಮುಂದಿನ ಬಂದರು ಕೊಚ್ಚಿಯೋ ಗೋವಾನೋ, ಅಲ್ಲಿಗೆ ತಮ್ಮ ದುಡ್ಡಿನಲ್ಲಿ ಬಂದು ಹತ್ತಬೇಕು. ಇಷ್ಟು ಗೊತ್ತಿದ್ದೂ ಮಂದಿ ಹೋಗ್ತಾರಲ್ಲ! ಹಡಗಿನ ಮೇಲೆಯೇ ಈಜುಕೊಳ, ಜಾರುಬಂಡಿ ಎಲ್ಲಾ ಇದ್ದರೂ, ಬೇರೆ ದೇಶದ ಬಂದರುಗಳಲ್ಲಿ ಇಳಿದು ಯಾವುದೋ ರೆಸಾರ್ಟಿನ ವಾಟರ್ ಪಾರ್ಕಿಗೆ ತಾವೇ ಟಿಕೆಟ್ ತೆಗೆದು ಹೋಗಿ ಬರುವವರೂ ಇದ್ದಾರಂತೆ.

ವಾಟರ್ ಪಾರ್ಕ್ ಅನ್ನೋದು ನಮ್ಮ ತಲೆಗೆ ಬಂದಿದ್ದು ಆ ಟೇಬಲ್ಲಿನಲ್ಲೇ. ಪಿಲಿಕುಳದಾಗ ಒಂದು ಐತಿ ಅಂತ ರೋಣದಾಂವಗ ಗೊತ್ತಿತ್ತು. ತುಳುವಿನಲ್ಲಿ ಪಿಲಿ ಅಂದರೆ ಹುಲಿ, ಹುಲಿಗಳು ನೀರು ಕುಡಿಯಾಕ ಬರ್ತಿದ್ದ ಕೊಳ. ಅಲ್ಲೇ ಝೂ ಇದೆ, ತಾರಾಲಯ ಇದೆ. ತಾರಾಲಯಕ್ಕ ಹೊಂಟೀವಿ ಅಂದಿದ್ರ ನಗುತ್ತಲೇ ಕಳಸತಿದ್ರೇನೋ. ನಾವು ಖರೇ ಹೇಳಿದ್ವಿ. ನಮ್ಮ ಜೋಡಿ ಬಂದಿದ್ದ ಸಣ್ಣ ಸರ್ ಸ್ವಲ್ಪ ಹೊತ್ತು ತಲೆ ಕೆರಕೊಂಡು, ಫೋನ್ ಆನ್ ಇರಬೇಕು, ಆರೂವರೆಗೆ ಪಣಂಬೂರಿನಾಗ ಇರಬೇಕು ಅಂತ ಹೇಳಿ ಬಿಟ್ಟರು. ದೊಡ್ಡ ಸರ್‌ಗೆ ಅವರು ಹೇಳಿರಲಿಲ್ಲ ಅನ್ನೋದು ನಮಗೆ ಆಮೇಲೆ ತಿಳೀತು.

ನೀರಿನಾಗ ಆಡಾಕ ಅಷ್ಟು ದೂರ ಹೋಗಬೇಕಿತ್ತಾ ಅಂತ ಭಾಳ ಮಂದಿ ಕೇಳಿದರು. ಕೇಳಿದವರು ನಮ್ಮ ಊರುಗಳನ್ನು ನೋಡಿಲ್ಲ. ನರಗುಂದದವನ ಊರಲ್ಲಿ ನೀರು ಅಂದರೆ ಮೆರವಣಿಗೆ. 1980ರ ಜುಲೈ 21ರಂದು ಗೋಲಿಬಾರ್ ಆದ ಊರು ಅದು, ಇವತ್ತಿಗೂ ಪ್ರತಿ ವರ್ಷ ಆ ದಿನ ವೀರಗಲ್ಲಿನ ಮುಂದೆ ರೈತರು ಸೇರ್ತಾರೆ. 2015ರಲ್ಲಿ ಮಹದಾಯಿ ಧರಣಿ ಶುರುವಾದಾಗ ಇವನು ಪ್ರೈಮರಿ ಶಾಲೆ. ಬಂದ್ ಅಂತ ರಜೆ ಸಿಕ್ಕಿದ್ದಷ್ಟೇ ನೆನಪು. 2018ರ ನ್ಯಾಯಮಂಡಳಿ ತೀರ್ಪಿನಲ್ಲಿ ಮಲಪ್ರಭೆಗೆ ತಿರುಗಿಸಾಕ ಅಂತ ಸಿಕ್ಕಿದ್ದು 3.9 ಟಿಎಂಸಿ, ಆ ನೀರು ಇನ್ನೂ ಬಂದಿಲ್ಲ. ರೋಣದವನ ಮನೆಯಲ್ಲಿ ನಳ ಬರೋ ದಿನ ಮನಿಮಂದಿಯೆಲ್ಲಾ ಕೊಡ ಹಿಡಕೊಂಡು ಎದ್ದು ಕೂಡ್ತಾರೆ. ಗಜೇಂದ್ರಗಡದಾಕಿ ಪುಣ್ಯವಂತೆ, ಅವರ ಕಾಲಕಾಲೇಶ್ವರ ಗುಡಿಯಾಗ ಬೆಟ್ಟದಿಂದ ವರ್ಷಪೂರ್ತಿ ಅಂತರಗಂಗೆ ಬೀಳ್ತದ. ಆದರೆ ದೇವರ ಹೊಂಡದಾಗ ಹುಡುಗಿ ಕೇಕೆ ಹಾಕಿಕೊಂತ ಹಾರಾಕ ಬರ್ತದೇನು? ಸೂಡಿಯ ನಾಗಕುಂಡದ ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸಿಕೊಳ್ಳಬಹುದು, ಅಷ್ಟೇ.

ಪಾರ್ಕಿನಲ್ಲಿ ಮೊದಲ ಅರ್ಧ ತಾಸು ಬಟ್ಟೆಗೇ ಹೋಯಿತು. ಕಾಟನ್ ಚಡ್ಡಿ ನಡೆಯಲ್ಲ, ನೈಲಾನ್ ಬೇಕು, ಬಾಡಿಗೆಗೆ ತಗೊಂಡ್ವಿ, ಸೈಜು ಯಾವುದೂ ಸರಿ ಹೊಂದಲಿಲ್ಲ. ಉಳಿದಿದ್ದು ಹೇಳಾಕ ಬರಂಗಿಲ್ಲ. ನರಗುಂದದಾಂವ ಅಲೆ ಬರುವ ಕೊಳದ ಅಂಚಿನಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತಿದ್ದ. ಒಳಗೆ ಬಾರಲೇ ಅಂದ್ರ, ತಡಿ, ಇಷ್ಟು ನೀರು ಪಂಪಿನಾಗ ಆಡಸ್ತಾರಲ್ಲ, ನೋಡ್ತೀನಿ ಅಂದ. ಆಮೇಲೆ ಅವನನ್ನು ಹೊರಗೆ ಎಳೆಯೋದೇ ಕಷ್ಟ ಆಯಿತು. ತಡ ಆಗಿದ್ದಕ್ಕೆ ಅದೂ ಒಂದು ಕಾರಣ.

ಐದೂಕಾಲಿಗೆ ಹೊರಬಿದ್ವಿ, ಒಂದು ತಾಸು ಸಾಕು ಅಂತ ನಮ್ಮ ಲೆಕ್ಕ. ಮಂಗಳೂರಿನವರು ಇದನ್ನು ಓದಿದರೆ ನಗಬಹುದು. ವಾಮಂಜೂರಿನಿಂದ ಬರೋವಾಗ ನಂತೂರು ಸರ್ಕಲ್ಲಿನಲ್ಲಿ ಬಸ್ಸು ನಿಂತೇಬಿಟ್ಟಿತು, ಆಮೇಲೆ ಕೂಳೂರು ಸೇತುವೆ ಹತ್ತಿರ ಮತ್ತೆ. ಸಂಜೆ ಹೊತ್ತಿನ ಆ ದಾರಿಗೆ ಮ್ಯಾಪಿನಲ್ಲಿ ಹಗಲು ನೋಡಿದ ಲೆಕ್ಕ ನಡೆಯೋದಿಲ್ಲ. ಪಣಂಬೂರು ಮುಟ್ಟಿದಾಗ 7 ಗಂಟೆ 10 ನಿಮಿಷ.

ಬಸ್ಸು ಅಲ್ಲೇ ಇತ್ತು. ನಮ್ಮನ್ನು ನೋಡಿ ಯಾರೂ ಬೈಯಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು. ನಮ್ಮ ಕ್ಲಾಸಿನ ಒಬ್ಬಾಂವ ಹುಬ್ಬಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಊರಿಗೆ ಹೋಗಬೇಕಿತ್ತು, ಅಕ್ಕನ ನಿಶ್ಚಿತಾರ್ಥ. ಆ ಬಸ್ಸು ತಪ್ಪಿತು, ಅವನು ಮುಟ್ಟುವಾಗ ಊಟಕ್ಕೆ ಎಲೆ ಹಾಕಿದ್ದರಂತೆ. ಸಣ್ಣ ಸರ್ ಲಿಖಿತ ವಿವರಣೆ ಕೊಡಬೇಕಾಯಿತು. ಕಾಲೇಜಿನಿಂದ ಫೋನ್ ಹೋಗಿದ್ದು ಮಾತ್ರ ಒಬ್ಬಾಕಿಯ ಮನೆಗೆ. ಹುಡುಗರಿಬ್ಬರ ಮನೆಯವರಿಗೆ ಇವತ್ತಿಗೂ ವಿಷಯ ಗೊತ್ತಿಲ್ಲ.

ಈಗ ಹಾಳೆಯ ಮಾತಿಗೆ ಬರೋಣ. ನೀರು ಅಂದರೆ ಸರ್‌ಗಳಿಗೆ ಭಯ, ಆ ಭಯ ಸುಳ್ಳಲ್ಲ. ಟ್ರಿಪ್ಪಿಗೆ ಹೋದ ಹುಡುಗರು ಮುಳುಗಿದ ಸುದ್ದಿ ಎಷ್ಟು ಸಲ ಓದಿಲ್ಲ ನಾವು? ಆದರೆ ಪ್ಲ್ಯಾನಿನಲ್ಲಿ ಏನಿತ್ತು ನೋಡಿ: ಸಮುದ್ರ. ಸೆಳೆತ ಇರುವ, ತಳ ಗೊತ್ತಿಲ್ಲದ ನೀರಿಗೆ ಒಪ್ಪಿಗೆ. ಆಳ ಬರೆದಿರುವ, ಲೈಫ್‌ಗಾರ್ಡ್ ನಿಂತಿರುವ ಕೊಳಕ್ಕೆ ಹೋದದ್ದು ಅಶಿಸ್ತು. ಗುಂಪಿನಲ್ಲಿದ್ದರೆ ಸುರಕ್ಷಿತ ಅನ್ನೋ ಲೆಕ್ಕ ನಮಗೆ ತಿಳಿಯೋದಿಲ್ಲ. ಬೀಚಿನಲ್ಲಿ 48 ಮಂದಿಯ ತಲೆ ಎಣಿಸುತ್ತಾ ನಿಂತಿದ್ದವರು ಇಬ್ಬರೇ.

ನಾವು ಮಾಡಿದ ತಪ್ಪು ಹೋಗಿದ್ದಲ್ಲ, ತಡವಾಗಿ ಬಂದಿದ್ದು. ಹಾಳೆ ನಿಲ್ಲಿಸಿದ್ದು ಹೋಗೋದನ್ನು. ಹಡಗಿನವರ ನಿಯಮ ಇದಕ್ಕಿಂತ ಚೊಲೋ ಐತಿ. ಹೋಗಿ, ಎಲ್ಲಿಗೆ ಅಂತ ಬರೆದಿಟ್ಟು ಹೋಗಿ, ಹೊರಡೋ ಟೈಮಿಗೆ ಅರ್ಧ ತಾಸು ಮೊದಲೇ ಬನ್ನಿ. ಬರದಿದ್ದರೆ ಬಸ್ಸು ಹೋಗುತ್ತದೆ. ಹಡಗು ತಪ್ಪಿದವರ ಥರ ನಾವೇನೂ ಪರದೇಶದಲ್ಲಿ ಸಿಕ್ಕಿಬೀಳೋದಿಲ್ಲ. ಬಿಜೈ ಬಸ್‌ಸ್ಟ್ಯಾಂಡಿನಿಂದ ರಾತ್ರಿ ಹುಬ್ಬಳ್ಳಿಗೆ ಬಸ್ಸಿದೆ, ಟಿಕೆಟ್ ದುಡ್ಡು ನಮ್ಮದು. ಆ ರಾತ್ರಿ ಸರ್ ನಮ್ಮನ್ನು ಬಿಟ್ಟು ಹೋಗಬೇಕಿತ್ತು ಅಂತ ನಾವು ಮನಸ್ಸಿನಿಂದ ಹೇಳ್ತಿದ್ದೀವಿ. ಹುಡುಗಿಯನ್ನು ಬಿಟ್ಟು ಹೋಗೋದು ಹೆಂಗ ಅಂತ ಕೇಳ್ತಾರೆ. ಗಜೇಂದ್ರಗಡದಾಕಿ ಪ್ರತಿ ಶನಿವಾರ ಒಬ್ಬಾಕಿನೇ ಎರಡು ಬಸ್ಸು ಬದಲಿಸಿ ಊರಿಗೆ ಹೋಗ್ತಾಳೆ, ಅದಕ್ಕೆ ಇಷ್ಟು ದಿನ ಯಾರೂ ನೋಟಿಸ್ ಹಾಕಿಲ್ಲ.

ಇದನ್ನೇ ಅರ್ಜಿ ಬರೆದು, 31 ಮಂದಿಯ ಸಹಿ ಹಾಕಿಸಿ ಡಿಪಾರ್ಟ್‌ಮೆಂಟಿಗೆ ಕೊಟ್ಟಿದ್ದೀವಿ. ಸಣ್ಣ ಸರ್ ಹೆಸರನ್ನು ಆ ವಿವರಣೆಯಿಂದ ಕೈಬಿಡಬೇಕು ಅಂತಲೂ ಕೇಳಿದ್ದೀವಿ. ನಿಶ್ಚಿತಾರ್ಥ ತಪ್ಪಿಸಿಕೊಂಡವನಿಗೆ ಆ ಬೆಳಗ್ಗೆ ಬಾಡಿಗೆ ಗಾಡಿಗೆ ಹೋದ ದುಡ್ಡನ್ನು ಮೂವರೂ ಕೂಡಿ ಕೊಟ್ಟಿವಿ. ತಗೊಂಡ. ರೋಣದವನ ಜೋಡಿ ಮಾತ್ರ ಇನ್ನೂ ಮಾತಾಡಿಲ್ಲ, ಅರ್ಜಿಗೂ ಸಹಿ ಹಾಕಿಲ್ಲ.