ಸವಾಲು ಯಾರ ಅಳತೆಗೆ?

ಹುಟ್ಟುಹಬ್ಬವಿರಲಿ, ಆಫೀಸಿನವರ ರೆಸಾರ್ಟ್ ಪ್ರವಾಸವಿರಲಿ, ಮದುವೆಮನೆಯಲ್ಲಿ ನೆಂಟರೆಲ್ಲ ಚಾಪೆ ಹಾಸಿಕೊಂಡು ಕೂತ ರಾತ್ರಿಯಿರಲಿ, ಒಂದು ಹೊತ್ತಿಗೆ ಯಾರಾದರೂ ಆಟದ ಮಾತು ತೆಗೆಯುತ್ತಾರೆ. ಹಾಡು ನಿಂತಾಗ ದಿಂಬು ಯಾರ ಕೈಯಲ್ಲಿದೆಯೋ ಅವರು ಚೀಟಿ ಎತ್ತಬೇಕು. ಇಲ್ಲವೇ ತಿರುಗಿಸಿದ ಬಾಟಲಿಯ ಮೂತಿ ಯಾರ ಕಡೆಗೆ ನಿಂತಿತೋ ಅವರು ಟ್ರೂತೋ ಡೇರೋ ಆರಿಸಿಕೊಳ್ಳಬೇಕು. ನಿಯಮ ಎಲ್ಲರಿಗೂ ಗೊತ್ತು. ಚೀಟಿಯಲ್ಲಿ ಏನು ಬರೆಯಬೇಕು ಎಂಬುದನ್ನು ಮಾತ್ರ ಯಾರೂ ಕೂತು ಯೋಚಿಸುವುದಿಲ್ಲ. ಗುಂಪಿನಲ್ಲಿ ಸಂಕೋಚ ಕಡಿಮೆ ಇರುವವರು ಪೆನ್ನು ತೆಗೆದುಕೊಂಡು ತಮಗೆ ಮಜಾ ಅನಿಸಿದ್ದನ್ನು ಗೀಚುತ್ತಾರೆ. ಹೀಗಾಗಿ ಎಲ್ಲರಿಗಿಂತ ಗಟ್ಟಿಗರಾದವರ ಧೈರ್ಯವೇ ಸವಾಲಿನ ಅಳತೆಯಾಗಿಬಿಡುತ್ತದೆ. ಅಳೆಯಬೇಕಾದದ್ದು ಇನ್ನೊಂದು ತುದಿಯಿಂದ, ಆ ಗುಂಪಿನಲ್ಲಿ ‘ನಾನು ಮಾಡಲ್ಲ’ ಎಂದು ಹೇಳುವುದು ಯಾರಿಗೆ ಎಲ್ಲರಿಗಿಂತ ಕಷ್ಟವೋ ಅವರಿಂದ ಎಂಬುದು ನನ್ನ ವಾದ.

ಆ ವ್ಯಕ್ತಿ ಯಾರು ಎಂಬುದು ಗುಂಪಿನಿಂದ ಗುಂಪಿಗೆ ಬದಲಾಗುತ್ತದೆ. ಮದುವೆಮನೆಯಲ್ಲಿ ಹೊಸ ಸೊಸೆ. ಮಕ್ಕಳ ಪಾರ್ಟಿಯಲ್ಲಿ, ಅಪ್ಪ ಅಮ್ಮ ಜೊತೆಗಿಲ್ಲದೆ ಬಂದ ಪಕ್ಕದ ಬೀದಿಯ ಮಗು. ಹಾಸ್ಟೆಲಿನಲ್ಲಿ ಮೊದಲ ವರ್ಷದ ಹುಡುಗ. ಆಫೀಸಿನಲ್ಲಿ ಮೊನ್ನೆ ಮೊನ್ನೆ ಸೇರಿ ಇನ್ನೂ ಪ್ರೊಬೇಷನ್ನಿನಲ್ಲಿರುವ ಹುಡುಗಿ. ಇವರೆಲ್ಲ ನಕ್ಕುಕೊಂಡೇ ಎದ್ದು ನಿಲ್ಲುತ್ತಾರೆ. ಆ ನಗುವನ್ನೇ ಒಪ್ಪಿಗೆ ಎಂದು ತಿಳಿಯುವುದು ನಾವು ಸಾಮಾನ್ಯವಾಗಿ ಮಾಡುವ ತಪ್ಪು. ಮ್ಯಾನೇಜರ್ ಮುಂದೆ ಕೂತು ಚಪ್ಪಾಳೆ ತಟ್ಟುತ್ತಿರುವಾಗ ‘ಕುಣಿಯಲ್ಲ’ ಎನ್ನುವುದು ಬರೀ ಆಟದ ಮಾತಾಗಿ ಉಳಿಯುವುದಿಲ್ಲ, ಮುಂದಿನ ಅಪ್ರೈಸಲ್‌ನ ನೆನಪೂ ಅದರ ಜೊತೆಗಿರುತ್ತದೆ.

ನಮ್ಮ ಕಾನೂನು ಇದನ್ನು ಗುರುತಿಸಿಯಾಗಿದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆ ರ‍್ಯಾಗಿಂಗ್ ಎಂದರೇನು ಎಂದು ಹೇಳುವಾಗ ತಮಾಷೆಗೆಂದು ಮಾಡಿಸಿದ್ದನ್ನೂ ಅದರೊಳಗೆ ಸೇರಿಸಿದೆ. ಯುಜಿಸಿಯ 2009ರ ನಿಯಮಾವಳಿ ಇನ್ನೂ ಸ್ಪಷ್ಟವಾಗಿದೆ: ವಿದ್ಯಾರ್ಥಿಯೊಬ್ಬ ಸಾಮಾನ್ಯವಾಗಿ ಮಾಡದ ಕೆಲಸವನ್ನು ಮಾಡು ಎಂದು ಕೇಳಿ, ಅದರಿಂದ ಅವನಿಗೆ ನಾಚಿಕೆ, ಹಿಂಸೆ ಅಥವಾ ಮುಜುಗರ ಆದರೆ ಅದು ರ‍್ಯಾಗಿಂಗ್. ಹೊಡೆಯಬೇಕಿಲ್ಲ, ಬೆದರಿಸಬೇಕಿಲ್ಲ, ಕೇಳಿದರೂ ಸಾಕು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯ ಪ್ರಕಾರ, ಕೆಲಸದ ನಿಮಿತ್ತ ಹೋದ ಜಾಗವೂ ಕೆಲಸದ ಸ್ಥಳವೇ. ಕಂಪನಿಯವರು ಕರೆದೊಯ್ದ ರೆಸಾರ್ಟಿನ ಹುಲ್ಲುಹಾಸಿನ ಮೇಲೆ ‘ಪಕ್ಕದವರನ್ನು ತಬ್ಬಿಕೊಳ್ಳಿ’ ಎಂಬ ಚೀಟಿ ಹಾಕುವವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಆಫೀಸಿನ ಗುಂಪಿನಲ್ಲಿ ಮೈ ಮುಟ್ಟುವ, ಕುಡಿಸುವ, ಸಂಸಾರದ ಗುಟ್ಟು ಕೇಳುವ ಚೀಟಿಗಳು ಇರಲೇಬಾರದು. ಇದರಲ್ಲಿ ಚರ್ಚೆಗೆ ಜಾಗವಿದೆ ಎಂದು ನನಗನಿಸುವುದಿಲ್ಲ.

ಹಾಗಾದರೆ ಆಟದಲ್ಲಿ ಉಳಿಯುವುದೇನು? ಸ್ವಲ್ಪವಾದರೂ ಮುಜುಗರ ಆಗದಿದ್ದರೆ ಅದು ಸವಾಲು ಹೇಗಾದೀತು? ಈ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೆ ಉತ್ತರ ಹುಡುಕಲು ನಾನು ಹೋಗುವುದು ಉತ್ತರ ಕರ್ನಾಟಕದ ಮದುವೆಮನೆಗೆ.

ಅಲ್ಲಿ ಗಂಡಿನ ಮನೆಯ ಹೊಸ್ತಿಲಲ್ಲಿ ನಾದಿನಿ ಬಾಗಿಲು ಅಡ್ಡಗಟ್ಟಿ ನಿಲ್ಲುತ್ತಾಳೆ. ‘ಒಡಪು ಹೇಳಿ ಹೆಸರ ಹೇಳವಾ, ಆಮ್ಯಾಲ ಒಳಗ ಬಾ’ ಅನ್ನುತ್ತಾಳೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಎಂದು ಕೇಳಿಕೊಂಡೇ ಬೆಳೆದ ಹುಡುಗಿ, ಮಾವ, ಭಾವ, ಓಣಿಯ ಮಂದಿ ಎಲ್ಲರೂ ನೋಡುತ್ತಿರುವಾಗ ಅದೇ ಹೆಸರನ್ನು ಹೇಳಬೇಕು. ಇದಕ್ಕಿಂತ ಗಟ್ಟಿ ಸವಾಲು ಬೇಕೆ? ಆದರೆ ಅವಳು ಹೆಸರನ್ನು ಬರಿದೇ ಹೇಳುವುದಿಲ್ಲ. ತುಳಸಿಕಟ್ಟೆಯಿಂದಲೋ ಎಲೆ ಅಡಿಕೆಯ ತಟ್ಟೆಯಿಂದಲೋ ಎತ್ತಿಕೊಂಡು, ಪ್ರಾಸ ಕೂಡಿಸುತ್ತಾ ಬಂದು, ಕೊನೆಯ ಸಾಲಿನಲ್ಲಿ ಹೆಸರನ್ನು ಜಾರಿಸಿಬಿಡುತ್ತಾಳೆ. ಕಟ್ಟಲು ಬಾರದಿದ್ದರೆ ಅವ್ವನಿಂದಲೋ ಅಕ್ಕನಿಂದಲೋ ಕಲಿತು ಬಂದಿರುತ್ತಾಳೆ. ಅದೂ ಮರೆತರೆ ಹಿಂದೆ ನಿಂತ ಹಿರಿಯಳೊಬ್ಬಳು ಕಿವಿಯಲ್ಲಿ ಮೊದಲ ಸಾಲು ಉಸುರುತ್ತಾಳೆ. ಆ ಮೇಲೆ ಸರದಿ ಮದುಮಗನದು. ಕುಬುಸದ (ಸೀಮಂತದ) ದಿನ ಮತ್ತೆ ಇದೇ ಆಟ ನಡೆದಾಗ, ಕೇಳಿದ ಹೆಂಗಸರಿಗೂ ತಿರುಗಿ ಕೇಳಲಾಗುತ್ತದೆ: ಈಗ ನೀವು ಹೇಳ್ರಿ.

ಈ ಆಟದಲ್ಲಿ ಮುಜುಗರ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಆ ಮುಜುಗರವನ್ನು ಹೊತ್ತು ದಾಟಲು ಪ್ರಾಸದ ಆಸರೆಯಿದೆ. ಸಹಾಯ ಪಡೆದರೆ ಸೋಲಲ್ಲ. ಕೇಳಿದವರು ತಾವೂ ಮಾಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮುಗಿದಾಗ ಮಂದಿ ಮೆಚ್ಚುವುದು ಅವಳ ಜಾಣತನವನ್ನು. ಒಡಪು ಹೇಳಿ ತಲೆ ಎತ್ತಿದ ಸೊಸೆ ಆ ಮನೆಯೊಳಗೆ ಹೋಗುವಾಗ ಒಂದು ಹಿಡಿ ಹೆಚ್ಚಿನ ಗೌರವದೊಂದಿಗೆ ಹೋಗುತ್ತಾಳೆ. ಅದೇ ಹುಡುಗಿಗೆ ‘ಕೋತಿ ಹಾಗೆ ಕುಣಿ’ ಎಂಬ ಚೀಟಿ ಬಂದಿದ್ದರೆ ಎಷ್ಟೇ ಚೆನ್ನಾಗಿ ಕುಣಿದರೂ ಅವಳಿಗೆ ಗಳಿಸಲು ಅಲ್ಲಿ ಏನೂ ಇರುತ್ತಿರಲಿಲ್ಲ.

ಹಲವು ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಒಡ್ಡುವ ಸವಾಲುಗಳನ್ನು ಒಬ್ಬ ಅವಧಾನಿ ಒಟ್ಟಿಗೇ ನಿಭಾಯಿಸುವ ಅಷ್ಟಾವಧಾನದಲ್ಲೂ ಇದೇ ನ್ಯಾಯ. ನಿಷೇಧಾಕ್ಷರಿಯ ಪೃಚ್ಛಕರು ಒಂದೊಂದೇ ಅಕ್ಷರವನ್ನು ನಿಷೇಧಿಸುತ್ತಾ ಹೋಗುತ್ತಾರೆ, ಅವಧಾನಿ ಅದನ್ನು ಬಿಟ್ಟು ಇನ್ನೊಂದು ಅಕ್ಷರದಿಂದ ಪದ್ಯ ಬೆಳೆಸಬೇಕು. ಹಾಗೆ ಅಡ್ಡಗಟ್ಟಬೇಕಾದರೆ ಮುಂದೆ ಯಾವ ಅಕ್ಷರ ಬಂದೀತು ಎಂದು ಊಹಿಸುವಷ್ಟು ವಿದ್ಯೆ ಪೃಚ್ಛಕರಿಗೂ ಇರಬೇಕು. ಸವಾಲು ಹಾಕುವವರ ಯೋಗ್ಯತೆಯೂ ಸಭೆಯ ಮುಂದೆ ತೆರೆದುಕೊಳ್ಳುತ್ತದೆ.

ಪಾರ್ಟಿಗೆ ಅಷ್ಟು ಪಾಂಡಿತ್ಯ ಬೇಕಿಲ್ಲ. ಮೂರು ತಲೆಮಾರು ಒಟ್ಟಿಗೆ ಕೂತ ಮನೆಯಲ್ಲಿ ತರೀಕೆರೆ ಏರಿಯ ಮೇಲಿನ ಕರಿ ಕುರಿಮರಿಯ ಮಾತನ್ನು ಮೂರು ಸಲ ಬೇಗ ಬೇಗ ಹೇಳಿಸಿ ನೋಡಿ. ಅಜ್ಜನ ನಾಲಿಗೆಯೂ ಹೊರಳುತ್ತದೆ, ಎಂಟು ವರ್ಷದ ಮೊಮ್ಮಗಳದೂ ಹೊರಳುತ್ತದೆ. ಗೆದ್ದರೂ ನಗು, ಸೋತರೂ ನಗು. ‘ಬಭ್ರುವಾಹನ’ದ ರಾಜ್‌ಕುಮಾರ್ ಹಾಗೆ ಒಂದು ಸಂಭಾಷಣೆ ಒಪ್ಪಿಸಿ ಎಂದರೆ ಸದಾ ಮೂಲೆಯಲ್ಲಿ ಕೂರುವ ದೊಡ್ಡಪ್ಪನೂ ಎದೆ ಉಬ್ಬಿಸಿ ನಿಲ್ಲಬಹುದು. ಎಲ್ಲರೂ ಸಮನಾಗಿ ಎಡವಬಹುದಾದ ಸವಾಲು, ಸುಮ್ಮನಿರುವವರಿಗೂ ಮಿಂಚಲು ಅವಕಾಶ ಕೊಡುವ ಸವಾಲು, ಇವೆರಡೂ ಕುಟುಂಬಕ್ಕೆ ಚೆನ್ನ.

ಆದರೆ ಒಂದು ಗುಂಪಿಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗೀತೆಂದು ಹೇಳಲಾಗದು. ಅದೇ ಕುರಿಮರಿಯ ಸಾಲನ್ನು ಹೊರದೇಶದ ಕನ್ನಡ ಕೂಟವೊಂದರಲ್ಲಿ, ಅಲ್ಲೇ ಹುಟ್ಟಿ ಬೆಳೆದ ಹದಿಮೂರರ ಹುಡುಗನಿಗೆ ಕೊಟ್ಟರೆ ಏನಾಗುತ್ತದೆ ಯೋಚಿಸಿ. ದೊಡ್ಡವರು ತಡವರಿಸಿದಾಗ ನಾಲಿಗೆ ತಡವರಿಸಿತು ಎಂದು ನಗುತ್ತೇವೆ. ಅವನು ತಡವರಿಸಿದಾಗ ‘ಇವನಿಗೆ ಕನ್ನಡ ಬರಲ್ಲ’ ಎಂಬ ನಗು ಏಳುತ್ತದೆ. ನಕ್ಕವರಿಗೆ ಕೆಟ್ಟ ಉದ್ದೇಶ ಇಲ್ಲದಿರಬಹುದು. ಆದರೂ ಮುಂದಿನ ಸಂಕ್ರಾಂತಿಗೆ ಆ ಹುಡುಗ ಹೋಮ್‌ವರ್ಕ್ ನೆಪ ಹೇಳಿ ಮನೆಯಲ್ಲೇ ಉಳಿದರೆ ಆಶ್ಚರ್ಯವಿಲ್ಲ. ಅಂಥ ಕಡೆ ದೊಡ್ಡವರನ್ನು ಅವನು ಆಡುವ ವಿಡಿಯೊ ಗೇಮಿನ ಮುಂದೆ ಕೂರಿಸಿ, ಅವನು ಅವರಿಗೆ ಕನ್ನಡದಲ್ಲೇ ಹೇಳಿಕೊಡಲಿ. ತನಗೆ ಚೆನ್ನಾಗಿ ಗೊತ್ತಿರುವುದನ್ನು ಹೇಳುವಾಗ ಭಾಷೆ ತಾನಾಗಿ ಬರುತ್ತದೆ.

ಹದಿಹರೆಯದ ಗೆಳೆಯರ ಗುಂಪಿನ ವಿಷಯವೇ ಬೇರೆ. ಅಲ್ಲಿ ಕಾಯಬೇಕಾದದ್ದು ಮಾನವನ್ನಷ್ಟೇ ಅಲ್ಲ, ಜೀವವನ್ನು. ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರು ಓಡಿಸುವ ಕಂಪ್ಯೂಟರ್ ಆಟ ಆಡಿಸಿದ್ದರು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಒಬ್ಬರೇ ಇದ್ದಾಗಿನದಕ್ಕಿಂತ ಹೆಚ್ಚು ಅಪಾಯಕ್ಕೆ ಕೈ ಹಾಕಿದರು. 24 ದಾಟಿದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ಆ ವಯಸ್ಸು ದಾಟಿದವರು ಸುರಕ್ಷಿತರೇನಲ್ಲ. 2024ರ ದೀಪಾವಳಿಯಂದು ಬೆಂಗಳೂರಿನ ಕೋಣನಕುಂಟೆಯಲ್ಲಿ 32 ವರ್ಷದ ಯುವಕನೊಬ್ಬ ಪಟಾಕಿ ಇಟ್ಟ ಡಬ್ಬಿಯ ಮೇಲೆ ಕೂತ. ಕೂತರೆ ಆಟೊ ಕೊಡಿಸುತ್ತೇವೆ ಎಂದು ಗೆಳೆಯರು ಪಂಥ ಕಟ್ಟಿದ್ದರು. ಬತ್ತಿ ಹಚ್ಚಿ ಅವರು ದೂರ ಓಡಿದರು. ಆತ ಉಳಿಯಲಿಲ್ಲ. ಅದೇ ವರ್ಷದ ಓಣಂ ಸಮಯದಲ್ಲಿ ಪಾಲಕ್ಕಾಡಿನ ವಾಳಯಾರಿನಲ್ಲಿ ಇಡ್ಲಿ ತಿನ್ನುವ ಸ್ಪರ್ಧೆಯಲ್ಲಿ ಇಡ್ಲಿ ಗಂಟಲಿಗೆ ಸಿಕ್ಕಿ ಒಬ್ಬರು ತೀರಿಕೊಂಡರು. ಬೆಂಕಿ, ನೀರು, ಎತ್ತರ, ಓಡುವ ಗಾಡಿ, ಮದ್ಯ, ಗಬಗಬ ತಿನ್ನುವುದು, ಇವು ಯಾವ ವಯಸ್ಸಿನವರ ಚೀಟಿಯಲ್ಲೂ ಬೇಡ. ಹಣವೋ ವಸ್ತುವೋ ಪಣಕ್ಕೆ ಬಿದ್ದರಂತೂ ಅದರ ಅಗತ್ಯ ಹೆಚ್ಚಿರುವವರೇ ಹೆಚ್ಚು ಅಪಾಯಕ್ಕೆ ಒಡ್ಡಿಕೊಳ್ಳುತ್ತಾರೆ. ಕೋಣನಕುಂಟೆಯ ಸುದ್ದಿ ಓದಿದಾಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ್ದು ಆ ಆಟೊ.

ಚೀಟಿ ಬರೆಯುವವರು ಬರೆದ ಮೇಲೆ ಒಮ್ಮೆ ತಮ್ಮನ್ನೇ ಕೇಳಿಕೊಳ್ಳಲಿ: ಇದನ್ನು ನಾನು ಈಗಲೇ, ಇವರೆಲ್ಲರ ಮುಂದೆ ಮಾಡುತ್ತೇನೆಯೇ? ನನ್ನ ತಂಗಿಗೆ, ನನ್ನ ಅಪ್ಪನಿಗೆ ಈ ಚೀಟಿ ಬಂದರೆ ನಗುತ್ತಾ ಕೂರುತ್ತೇನೆಯೇ? ಇಲ್ಲ ಎನಿಸಿದರೆ ಹರಿದು ಹಾಕಲಿ. ಚೀಟಿ ತೆರೆದವರಿಗೆ ಕಾರಣ ಹೇಳದೆ ಇನ್ನೊಂದನ್ನು ಎತ್ತುವ ಅವಕಾಶ ಇರಲಿ. ಆ ನಿಯಮವನ್ನು ಆಟ ಶುರುವಾಗುವ ಮೊದಲೇ ಎಲ್ಲರಿಗೂ ಕೇಳುವಂತೆ ಹೇಳಬೇಕು, ಸಿಕ್ಕಿಬಿದ್ದವರ ಮುಖ ನೋಡಿ ಕನಿಕರಪಟ್ಟು ಕೊಡುವ ವಿನಾಯಿತಿ ಅದಾಗಬಾರದು. ಫೋನುಗಳು ಜೇಬಿನಲ್ಲೇ ಇರಲಿ. ಹತ್ತು ಜನರ ಮುಂದೆ ಕುಣಿಯಲು ಒಪ್ಪಿದವರು ಇಡೀ ಊರಿನ ವಾಟ್ಸ್‌ಆ್ಯಪ್ ಗುಂಪುಗಳ ಮುಂದೆ ಕುಣಿಯಲು ಒಪ್ಪಿಲ್ಲ. ವಿಡಿಯೊ ಬೇಕೇ ಬೇಕು ಎನ್ನುವುದಾದರೆ ಕುಣಿದವರ ಫೋನಿನಲ್ಲೇ ತೆಗೆದು, ಅದನ್ನು ಯಾರಿಗೆ ಕಳಿಸಬೇಕು ಎಂಬುದನ್ನು ಅವರಿಗೇ ಬಿಡಬೇಕು.