ಕಾರು ಅಲ್ಲಿ, ಜಾತ್ರೆ ಇಲ್ಲಿ

ಯಲಹಂಕ ವಾಯುನೆಲೆಯಲ್ಲಿ 2025ರ ಫೆಬ್ರವರಿಯಲ್ಲಿ ನಡೆದ ಏರೋ ಇಂಡಿಯಾ ಪ್ರದರ್ಶನಕ್ಕೆ ಹೋಗಿಬಂದ ನನ್ನ ವಿದ್ಯಾರ್ಥಿಯೊಬ್ಬ ಗೊಣಗಿದ: “ಸಾರ್, ಅಪ್ಪ ಕಾರನ್ನು ಜಿಕೆವಿಕೆಯಲ್ಲಿ ಬಿಟ್ಟು ಬಸ್ಸು ಹತ್ತಬೇಕಾಯಿತು. ಗೇಟಿನ ಹತ್ತಿರವೇ ನಿಲ್ಲಿಸೋಕೆ ಬಿಟ್ಟಿದ್ದರೆ ಏನು ಗಂಟು ಹೋಗ್ತಿತ್ತು?” ಕೃಷಿ ವಿಶ್ವವಿದ್ಯಾನಿಲಯದ ಆ ಆವರಣದಲ್ಲಿ ನಿಲುಗಡೆಯೂ ಉಚಿತ, ಅಲ್ಲಿಂದ ಬಸ್ಸೂ ಉಚಿತವಾಗಿತ್ತು. ಆದರೂ ಅವನಿಗೆ ಸಿಟ್ಟು.

ಸೀಮೆಸುಣ್ಣ ಅವನ ಕೈಗೇ ಕೊಟ್ಟೆ. ಓಡಾಡುವ ದಾರಿಯೂ ಸೇರಿ ಒಂದು ಕಾರಿಗೆ ಸುಮಾರು 25 ಚದರ ಮೀಟರ್ ಜಾಗ ಬೇಕು. 2,000 ಕಾರುಗಳಿಗೆ? 50,000 ಚದರ ಮೀಟರ್, ಅಂದರೆ 12 ಎಕರೆಗೂ ಹೆಚ್ಚು! ಜಾಗ ಸಿಕ್ಕಿದರೂ ಸಾಲದು. 2019ರ ಫೆಬ್ರವರಿ 23ರಂದು ಇದೇ ಪ್ರದರ್ಶನದ ನಿಲುಗಡೆ ಬಯಲಿನಲ್ಲಿ ಬೆಂಕಿ ಹೊತ್ತಿ ಸುಮಾರು 300 ಕಾರುಗಳು ಸುಟ್ಟವು. ಒಣಹುಲ್ಲು, ಬೀಸುವ ಗಾಳಿ, ಒತ್ತೊತ್ತಾಗಿ ನಿಂತ ಪೆಟ್ರೋಲು ತೊಟ್ಟಿಗಳು. ದಹನಕ್ರಿಯೆಗೆ ಬೇಕಾದುದೆಲ್ಲ ಅಲ್ಲಿತ್ತು. ಹುಲ್ಲು ಕೊಯ್ಯುವುದು, ಸಾಲುಗಳ ನಡುವೆ ಅಗ್ನಿಶಾಮಕ ವಾಹನ ಹೋಗುವಷ್ಟು ದಾರಿ ಬಿಡುವುದು, ಇವನ್ನು ನಿಲುಗಡೆ ಎಲ್ಲೇ ಇರಲಿ ಮೊದಲು ಮಾಡಬೇಕು.

ಇನ್ನು ಬಸ್ಸಿನ ಲೆಕ್ಕ. ಕಾರಿಗೆ ಮೂವರಂತೆ 6,000 ಜನ. ಬಸ್ಸಿಗೆ 50 ಮಂದಿಯಾದರೆ 120 ಸರದಿ. ಎರಡು ಗಂಟೆಯಲ್ಲಿ ಎಲ್ಲರನ್ನೂ ಸಾಗಿಸಲು ನಿಮಿಷಕ್ಕೊಂದು ಬಸ್ಸು ಹೊರಡಬೇಕು. ಹೋಗಿ, ಇಳಿಸಿ, ಮರಳಿ ಬರಲು 40 ನಿಮಿಷ ಹಿಡಿದರೆ 40 ಬಸ್ಸು ಬೇಕು. ದಾರಿಯಲ್ಲಿ ವಾಹನದಟ್ಟಣೆಗೆ ಸಿಕ್ಕಿ ಅದೇ ಓಡಾಟ 80 ನಿಮಿಷವಾದರೆ? 80 ಬಸ್ಸು! ಬಸ್ಸಿಗೆಂದೇ ರಸ್ತೆಯಲ್ಲಿ ಒಂದು ಸಾಲು ತೆರವಾಗಿಟ್ಟರೆ ಅದು 40 ಬಸ್ಸುಗಳಿಗೆ ಸಮ. ಸಂಘಟಕರು ಬಸ್ಸುಗಳ ಸಂಖ್ಯೆಯನ್ನು ದೊಡ್ಡದಾಗಿ ಪ್ರಕಟಿಸುತ್ತಾರೆ, ಸಾಲಿನ ಮಾತು ಎತ್ತುವವರು ಕಡಿಮೆ. ಹತ್ತಲು ಮೂರು ನಿಮಿಷ ಬೇಕಾದರೆ ಒಮ್ಮೆಗೆ ಮೂರು ಬಸ್ಸುಗಳಾದರೂ ಬಾಗಿಲು ತೆರೆದು ನಿಂತಿರಬೇಕು ಎಂಬುದನ್ನು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಾನಾಗಿಯೇ ಹೇಳಿದಳು. ನನಗೆ ಅದು ಹೊಳೆದಿರಲಿಲ್ಲ.

ನಿಜವಾದ ಪರೀಕ್ಷೆ ಸಂಜೆಗೆ. ಬೆಳಿಗ್ಗೆ ಜನ ಬಿಡಿಬಿಡಿಯಾಗಿ ಬರುತ್ತಾರೆ, ಆಟ ಮುಗಿದ ಕೂಡಲೇ ಒಟ್ಟಿಗೇ ಏಳುತ್ತಾರೆ. 40 ಬಸ್ಸುಗಳೂ ಸಿದ್ಧವಾಗಿ ನಿಂತಿದ್ದರೂ ಮೊದಲ ಸರದಿಯಲ್ಲಿ ಹೋಗುವುದು 2,000 ಮಂದಿ. ಕೊನೆಯ 2,000 ಮಂದಿ 80 ನಿಮಿಷ ಕಾಯಬೇಕು. ನಮ್ಮ ಕಡೆಯ ಒಂದು ಉತ್ಸವದಲ್ಲಿ ನಾನು ಹೀಗೆಯೇ ಕಾದಿದ್ದೇನೆ. ಪಕ್ಕದಲ್ಲಿ ಒಂದು ಮಗು ಅಳುತ್ತಿತ್ತು, ಕುಡಿಯುವ ನೀರಿರಲಿಲ್ಲ, ಕೊನೆಯ ಬಸ್ಸು ಎಷ್ಟು ಗಂಟೆಗೆಂದು ಕೇಳಿದರೆ ಹೇಳುವವರೂ ಇರಲಿಲ್ಲ.

ಪಾಲಕರೇ, ಅಂಥ ಕಡೆ ಹೋದಾಗ ಇಳಿದ ಜಾಗದಲ್ಲೇ ಕೊನೆಯ ಬಸ್ಸಿನ ವೇಳೆ ವಿಚಾರಿಸಿಕೊಳ್ಳಿ. ಕಾರು ನಿಲ್ಲಿಸಿದ ಸಾಲಿನ ಗುರುತನ್ನು ಮಕ್ಕಳಿಂದ ಬರೆಯಿಸಿ. ಆಟ ಮುಗಿಯುವ ಅರ್ಧ ಗಂಟೆ ಮೊದಲೇ ಎದ್ದುಬರುವುದಕ್ಕೆ ಮಕ್ಕಳು ಒಪ್ಪುವುದಿಲ್ಲ ಬಿಡಿ. ಹಾಗಾದರೆ ಬುತ್ತಿಯನ್ನು ಆ 80 ನಿಮಿಷಕ್ಕೆ ಉಳಿಸಿಕೊಳ್ಳಿ.